ಗ್ಲೋ ಎಂಜಿನ್ ಬಿಸಿಯಾಗಿ ನಿಲ್ಲುತ್ತಿದೆ, ಇಂಧನಕ್ಕೆ ಯಾವ ಅಡಿಟಿವ್ ಹಾಕಲಿ?

ಕಾಳಿದಂಡೆ, ಕಾರವಾರ:
ಮಾಡೆಲ್ ಬೋಟಿನಲ್ಲಿ 3.5 ಸಿಸಿ ಗ್ಲೋ ಎಂಜಿನ್ ಇದೆ, ಅಂದ್ರೆ ಬಿಸಿ ತಂತಿಯ ಪ್ಲಗ್‌ನಿಂದ ಮೆಥನಾಲ್ ಉರಿಸುವ ಪುಟ್ಟ ಎಂಜಿನ್. ಮಳೆಗಾಲಕ್ಕೆ ಮೊದಲು ಚೆನ್ನಾಗಿಯೇ ಓಡುತ್ತಿತ್ತು. ಈಗ ಸ್ಟಾರ್ಟ್ ಆಗುತ್ತದೆ, ಸ್ವಲ್ಪ ಹೊತ್ತು ಫುಲ್ ಸ್ಪೀಡಲ್ಲಿ ಹೋಗುತ್ತದೆ, ಆಮೇಲೆ ದನಿ ಕುಗ್ಗಿ ನಿಂತುಬಿಡುತ್ತದೆ. ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ಮೆಥನಾಲ್ 80, ಹರಳೆಣ್ಣೆ 20 ಲೆಕ್ಕದಲ್ಲಿ ಏಪ್ರಿಲ್‌ನಲ್ಲಿ ಬೆರೆಸಿಟ್ಟ ಇಂಧನ, ಕ್ಯಾನ್ ಅರ್ಧ ಖಾಲಿಯಾಗಿದೆ. ಆಕ್ಟೇನ್ ಬೂಸ್ಟರ್ ಹಾಕು ಅಂತ ಒಬ್ಬರು, ನೀರು ತೆಗೆಯುವ ಅಡಿಟಿವ್ ಹಾಕು ಅಂತ ಇನ್ನೊಬ್ಬರು, 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ ಎಣ್ಣೆ) ಸೇರಿಸಿದರೆ ಸಾಕು ಅಂತ ಮತ್ತೊಬ್ಬರು. ಯಾವುದು ಸರಿ?

ಘಟ್ಟದಮೇಲೆ, ಶಿರಸಿ:
ಮೂರೂ ಬೇಡ. ಆಕ್ಟೇನ್ ಬೂಸ್ಟರ್ ಇರುವುದು ಪೆಟ್ರೋಲಿಗೆ. ಮೆಥನಾಲ್‌ನ ಆಕ್ಟೇನ್ ಮೊದಲೇ 100ಕ್ಕಿಂತ ಮೇಲಿದೆ, ಅದಕ್ಕೆ ಬೂಸ್ಟ್ ಯಾಕೆ? ನೀರು ತೆಗೆಯುವ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದೇ ಆಲ್ಕೋಹಾಲ್. ಪೆಟ್ರೋಲಲ್ಲಿರುವ ನೀರನ್ನು ಅದು ತನ್ನಲ್ಲಿ ಕರಗಿಸಿಕೊಳ್ಳುತ್ತದೆ, ಅಷ್ಟೇ. ನಿಮ್ಮ ಇಂಧನವೇ ಆಲ್ಕೋಹಾಲ್ ಅಲ್ವಾ, ಅದರೊಳಗೆ ಇನ್ನಷ್ಟು ಸುರಿದರೆ ನೀರು ಎಲ್ಲಿಗೂ ಹೋಗುವುದಿಲ್ಲ.

2ಟಿ ಆಯಿಲ್ ಅಂತೂ ಖಂಡಿತ ಬೇಡ. ನಮ್ಮ ಕಡೆ ಅಡಿಕೆ ತೋಟದ ಹುಲ್ಲು ಹೊಡೆಯುವ ಮಷಿನ್‌ಗೆ ಅಂತ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಹಾಗಾಗಿ ಜನ ಸುಲಭಕ್ಕೆ ಅದನ್ನೇ ಹೇಳುತ್ತಾರೆ. ಅದು ಪೆಟ್ರೋಲಲ್ಲಿ ಕರಗುವ ಎಣ್ಣೆ, ಮೆಥನಾಲ್‌ನಲ್ಲಿ ಬೇರೆಯಾಗಿಯೇ ನಿಲ್ಲುತ್ತದೆ. ಆಗ ಎಂಜಿನ್‌ಗೆ ಒಮ್ಮೆ ಬರೀ ಮೆಥನಾಲ್ ಹೋಗುತ್ತದೆ, ಒಮ್ಮೆ ಬರೀ ಎಣ್ಣೆ. ಬೇರಿಂಗ್, ಪಿಸ್ಟನ್ ಎರಡೂ ಹಾಳು.

80:20 ಅಳತೆಯಲ್ಲಿ ತಪ್ಪಿಲ್ಲ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟದ (ಎಫ್‌ಎಐ) ಸ್ಪೀಡ್ ಸ್ಪರ್ಧೆಗಳಲ್ಲಿ ತಂತಿ ಹಿಡಿದು ಹಾರಿಸುವ ಕಂಟ್ರೋಲ್‌ಲೈನ್ ಮಾಡೆಲ್ ವಿಮಾನಗಳೂ ಮೆಥನಾಲ್ ಮತ್ತು ಹರಳೆಣ್ಣೆಯ ಇದೇ 80:20ರಲ್ಲಿ ಹಾರಿವೆ, ನೈಟ್ರೋಮೀಥೇನ್ ಸೇರಿಸದೆ. ಅಷ್ಟು ಬಿಸಿಯಾಗಿ ದನಿ ಕುಗ್ಗುತ್ತಿದೆ ಅಂದ್ರೆ ಇಂಧನ ಕಡಿಮೆ ಹೋಗುತ್ತಿದೆ, ಲೀನ್ ಆಗಿದೆ ಅಂತಲೇ ನನ್ನ ಅನುಮಾನ. ಫುಲ್ ಸ್ಪೀಡಲ್ಲಿರುವಾಗ ಇಂಧನದ ಟ್ಯೂಬನ್ನು ಒಂದು ಕ್ಷಣ ಚಿವುಟಿ ಬಿಡಿ. ವೇಗ ಏರಿದರೆ ಸದ್ಯ ರಿಚ್ ಇದೆ, ಅಂದ್ರೆ ಇಂಧನ ಹೆಚ್ಚೇ ಹೋಗುತ್ತಿದೆ, ಚಿಂತೆಯಿಲ್ಲ. ಏರದೆ ಅಲ್ಲೇ ಕುಸಿದರೆ ಲೀನ್. ಆಗ ನೀಡಲ್ (ಇಂಧನದ ಹರಿವು ಹೊಂದಿಸುವ ತಿರುಪು) ಸ್ವಲ್ಪ ಬಿಚ್ಚಿ, ಎಕ್ಸಾಸ್ಟಿನಿಂದ ಬಿಳಿ ಹೊಗೆಯ ಗೆರೆ ಬಿಡದೆ ಬರುವ ಹಾಗೆ ಇಡಿ.

ಕಾಳಿದಂಡೆ:
ಚಿವುಟಿದ ಕೂಡಲೇ ನಿಂತಿತು. ನೀಡಲ್ ಕಾಲು ಸುತ್ತು ಬಿಚ್ಚಿದರೂ ಅದೇ ಕತೆ.

ಘಟ್ಟದಮೇಲೆ:
ಹಾಗಾದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯಾಂಕ್ ಒಳಗಿನ ಟ್ಯೂಬ್ ಹೊರಗೆ ತೆಗೆದು ನೋಡಿ. ಹಿತ್ತಾಳೆ ಪೈಪ್ ಸೇರುವ ಜಾಗದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು. ಟ್ಯೂಬಿನ ಒಂದು ತುದಿ ಮುಚ್ಚಿ, ನೀರಲ್ಲಿ ಮುಳುಗಿಸಿ, ಇನ್ನೊಂದು ತುದಿಯಿಂದ ಸಿರಿಂಜಲ್ಲಿ ಗಾಳಿ ತಳ್ಳಿ. ಗುಳ್ಳೆ ಬಂದರೆ ಗೊತ್ತಾಗುತ್ತದೆ.

ಆ ಏಪ್ರಿಲ್ ಇಂಧನವನ್ನೂ ಬಿಟ್ಟುಬಿಡಿ. ಮೆಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಕ್ಯಾನ್, ಮೇಲಿಂದ ಕಾರವಾರದ ಜೂನ್, ಜುಲೈ, ಕೇಳಬೇಕೇ! ನೀರು ಸೇರಿದರೆ ಪ್ಲಗ್ ತಂಪಾಗುತ್ತದೆ, ನೀಡಲ್ ಎಲ್ಲಿಟ್ಟರೂ ಹದ ನಿಲ್ಲುವುದಿಲ್ಲ. ಹೊಸದು ಬೆರೆಸುವ ಮೊದಲು ಹರಳೆಣ್ಣೆಯನ್ನು ಪರೀಕ್ಷೆ ಮಾಡಿ. ಸಣ್ಣ ಗಾಜಿನ ಶೀಶೆಯಲ್ಲಿ 80:20 ಬೆರೆಸಿ, ಅಲ್ಲಾಡಿಸಿ, ಮುಚ್ಚಿ ರಾತ್ರಿಯಿಡೀ ಬಿಡಿ. ಒಳ್ಳೆ ಹರಳೆಣ್ಣೆ ಪೂರ್ತಿ ಕರಗಿ ಪಾರದರ್ಶಕವಾಗಿರುತ್ತದೆ. ಮಸುಕಾದರೆ, ತಳದಲ್ಲಿ ಪದರ ಕಟ್ಟಿದರೆ ಬೇರೆ ಎಣ್ಣೆ ಬೆರೆತಿದೆ ಅಂತ ಲೆಕ್ಕ. ಬೇರೆ ಅಡುಗೆ ಎಣ್ಣೆಗಳು ಮೆಥನಾಲ್‌ನಲ್ಲಿ ಹೀಗೆ ಕರಗುವುದಿಲ್ಲ. ತಲೆಗೆ ಹಚ್ಚುವ ಸುವಾಸನೆ ಎಣ್ಣೆ ತರಬೇಡಿ.

ಇನ್ನೊಂದು ಮಾತು, ದಯವಿಟ್ಟು ಹಗುರವಾಗಿ ತಗೋಬೇಡಿ. ಮೆಥನಾಲನ್ನು ಕೂಲ್‌ಡ್ರಿಂಕ್ ಬಾಟಲಿಯಲ್ಲಿ ಇಡಲೇಬಾರದು. ಸ್ವಲ್ಪ ಕುಡಿದರೂ ಕಣ್ಣು ಹೋಗುತ್ತದೆ, ಜೀವವೂ ಹೋಗಬಹುದು. ಅದರ ಬೆಂಕಿ ಹಗಲಲ್ಲಿ ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ.

ಕಾಳಿದಂಡೆ:
ಟ್ಯೂಬ್ ಸೀಳಿತ್ತು, ಬದಲಾಯಿಸಿದೆ. ಹೊಸ ಇಂಧನದಲ್ಲಿ ಟ್ಯಾಂಕ್ ಖಾಲಿಯಾಗುವವರೆಗೂ ಓಡಿತು, ತುಂಬಾ ಥ್ಯಾಂಕ್ಸ್. ಆದರೆ ಹಿಂದಿನ ಕವರ್ ಬಿಚ್ಚಿದಾಗ ಬೇರಿಂಗ್ ಮೇಲೆ ಕಂದು ಪುಡಿ ಕಂಡಿತು. ಇದಕ್ಕೆ ಸಿಂಥೆಟಿಕ್ ಎಣ್ಣೆಗೆ ಬದಲಾದರೆ ಒಳ್ಳೆಯದಾ?

ಘಟ್ಟದಮೇಲೆ:
ಅದು ತುಕ್ಕು. ಸಿಂಥೆಟಿಕ್ ಎಂಜಿನ್ ಒಳಗೆ ಕಂದು ವಾರ್ನಿಷ್ ಕಟ್ಟಲು ಬಿಡುವುದಿಲ್ಲ, ಅದು ನಿಜ. ಆದರೆ ಲೀನ್ ಆಗಿ ವಿಪರೀತ ಬಿಸಿಯಾದಾಗ ಕಾಪಾಡುವುದು ಹರಳೆಣ್ಣೆಯೇ, ತುಕ್ಕಿಗೂ ಅದೇ ವಾಸಿ. ಬೇಕಿದ್ದರೆ ಎರಡನ್ನೂ ಬೆರೆಸಿ, ಒಟ್ಟು 20 ದಾಟದಂತೆ ನೋಡಿಕೊಳ್ಳಿ. ನಾನಾದರೆ ಆ ದುಡ್ಡನ್ನು ಓಡಿಸಿದ ನಂತರದ ಆರೈಕೆಗೆ ಹಾಕುತ್ತೇನೆ. ಟ್ಯೂಬ್ ಕಿತ್ತು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಕಾರ್ಬ್ಯುರೇಟರಿಗೆ ಮತ್ತು ಪ್ಲಗ್ ತೂತಿಗೆ ಹೊಲಿಗೆ ಮಷಿನ್ ಎಣ್ಣೆ ಕೆಲವು ಹನಿ ಬಿಟ್ಟು ಕೈಯಿಂದ ತಿರುಗಿಸಿ. ಬೋಟನ್ನು ಕಾಳಿ ನದಿಯ ಅಳಿವೆ ಕಡೆ ಬಿಟ್ಟಿದ್ದರೆ ಅದು ಉಪ್ಪುನೀರು, ಕೂಲಿಂಗ್ ಪೈಪಿಗೆ ಅವತ್ತೇ ಸಿಹಿನೀರು ಹಾಯಿಸಿ. ಈ ಬೇರಿಂಗ್ ಕೈಯಲ್ಲಿ ತಿರುಗಿಸುವಾಗ ಕರಕರ ಅಂದರೆ ಬದಲಾಯಿಸಿ, ಎಣ್ಣೆ ಹಾಕಿ ಮುಂದುವರಿಸಬೇಡಿ.