ಲೈಟ್ ಹಿಡಿದ ಹುಡುಗ

ರಜೆಗೆ ಊರಿಗೆ ಹೋದಾಗ ಮಕ್ಕಳ ಕೈಲಿ ಏನು ಮಾಡಿಸೋದು ಅಂತ ಗುಂಪಿನಲ್ಲಿ ಕೇಳಿದ್ದಿರಲ್ಲ, ದಾವಣಗೆರೆಯಲ್ಲಿ ಅಮ್ಮನ ಮನೆಯ ಚಾಪೆ ಮೇಲೆ ಕೂತೇ ಉತ್ತರ ಬರೆಯುತ್ತಿದ್ದೇನೆ. ಸುತ್ತ ಫೋಟೋ, ಕತ್ತರಿ, ಗೋಂದು. ಮಗಳಿಗೆ ಹತ್ತು, ಮಗನಿಗೆ ಏಳು. ಎರಡು ವಾರದಲ್ಲಿ ಹದಿನಾಲ್ಕು ಪುಟದ ಸ್ಕ್ರ್ಯಾಪ್‌ಬುಕ್ ಆಗಿದೆ.

ಅಮ್ಮ ರೇಷ್ಮೆ ಸೀರೆಗೆ ಗಾಳಿ ಆಡಿಸಲು ಬೀರು ತೆಗೆದರು, ಕೆಳಗಿಂದ ಆಲ್ಬಮ್‌ಗಳು ಬಂದವು. ಆ ಅಂಟು ಹಾಳೆಯವು ನೆನಪಿದೆಯಾ? ಪ್ಲಾಸ್ಟಿಕ್ ಎತ್ತಿ, ಫೋಟೋ ಇಟ್ಟು, ಮೇಲೆ ಒತ್ತಿದರೆ ಮುಗೀತು. ಆ ಅಂಟೇ ಈಗ ಶತ್ರು. ಹಾಳೆ ಚಹಾ ಬಣ್ಣಕ್ಕೆ ತಿರುಗಿದೆ. ಮೊದಲನೇ ಫೋಟೋವನ್ನ ಉಗುರು ಹಾಕಿ ಎಳೆದೆ. ಅಪ್ಪ ನನ್ನ ಕೈಗೆ ಬಂದರು, ಅವರ ಸ್ಕೂಟರಿನ ಹಿಂದಿನ ಚಕ್ರ ಹಾಳೆಯಲ್ಲೇ ಉಳೀತು. ಅಮ್ಮ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಬೇಜಾರಾಯಿತು.

ಆಮೇಲೆ ಬುದ್ಧಿ ಬಂತು. ಮೇಣ ಹಚ್ಚದ ಡೆಂಟಲ್ ಫ್ಲಾಸ್ ದಾರವನ್ನ ಫೋಟೋದ ಹಿಂದೆ ತೂರಿಸಿ, ಗರಗಸದ ಹಾಗೆ ಮೆಲ್ಲಗೆ ಆಡಿಸುತ್ತಾ ಬಂದರೆ ಎಷ್ಟೋ ಫೋಟೋ ಬಿಡುತ್ತವೆ. ಬಿಡದೇ ಇದ್ದರೆ ಹಟ ಮಾಡಬೇಡಿ, ಹಾಳೆ ಸಮೇತ ಸ್ಕ್ಯಾನ್ ಮಾಡಿ. ಫ್ರೇಮಿನ ಗಾಜಿಗೆ ಅಂಟಿಕೊಂಡ ಫೋಟೋಕ್ಕೂ ಅಷ್ಟೇ. ಮೂಲ ಫೋಟೋಗೆ ಕತ್ತರಿ ಮುಟ್ಟಿಸಲೇಬೇಡಿ. 600 ಡಿಪಿಐಗೆ ಸ್ಕ್ಯಾನ್ ಮಾಡಿ, ಸ್ಟುಡಿಯೋದಲ್ಲಿ ಪ್ರತಿ ಹಾಕಿಸಿ, ಮಕ್ಕಳು ಅದನ್ನ ಏನು ಬೇಕಾದರೂ ಮಾಡಲಿ. ಮೊನ್ನೆ ಮಿರ್ಚಿ ತಿಂದ ಕೈಯಲ್ಲೇ ಮಗ ಅತ್ತೆಯ ಸೀಮಂತದ ಫೋಟೋ ಹಿಡಿದ. ಅತ್ತೆಯ ಕೆನ್ನೆ ಮೇಲೆ ಎಣ್ಣೆ ಬೆರಳಿನ ಗುರುತು. ಪ್ರತಿಯಾಗಿದ್ದಕ್ಕೆ ಬದುಕಿದೆವು.

ಮಾಮೂಲಿ ಡ್ರಾಯಿಂಗ್ ಶೀಟ್ ಬೇಡ, ಅದರ ಆಸಿಡ್‌ನಿಂದ ಕ್ರಮೇಣ ಹಳದಿಯಾಗುತ್ತದೆ. ಆಸಿಡ್ ಇಲ್ಲದ್ದು ಅಂತ ಬರೆದಿರುವ ಕಾಗದವೇ ಬೇಕು. ಹನ್ನೆರಡು ಇಂಚಿನ ಚೌಕದ ಹಾಳೆ ನೋಡಲು ಚೆಂದ, ಆದರೆ ಮಡಿಸದೆ ವಿಮಾನದಲ್ಲಿ ತರುವುದು ಪಾಡು. ನಾವು ಎ4 ಹಾಳೆ, ರಿಂಗ್ ಫೈಲ್ ಹಿಡಿದೆವು. ನಡುವೆ ಪುಟ ಸೇರಿಸಬಹುದು.

ಇಷ್ಟೆಲ್ಲ ಕೈಕೆಲಸ ಆಯಿತು. ಮಜಾ ಶುರುವಾಗಿದ್ದು ಫೋಟೋ ಕೆಳಗೆ ಹೆಸರು ಬರೆಯುವಾಗ. ಒಂದು ಮದುವೆ ಫೋಟೋ ಕೆಳಗೆ ಮಗಳು ಸಾಲಾಗಿ ಬರೆದಳು: ಅಂಕಲ್, ಅಂಕಲ್, ಆಂಟಿ, ಅಂಕಲ್. ಅಮ್ಮ ಕನ್ನಡಕ ಏರಿಸಿ ನೋಡಿದರು.

‘ಇದೇನೇ, ಎಲ್ಲರೂ ಬರೀ ಅಂಕಲ್ಲಾ? ಇವ್ನು ನಿಮ್ಮಮ್ಮನ ಸೋದರಮಾವ. ಇವ್ರು ನಿಮ್ಮಜ್ಜನ ತಮ್ಮ, ಚಿಕ್ಕಜ್ಜ ಅನ್ನು. ಇವ್ಳು ಆಂಟಿ ಅಲ್ಲ, ನನ್ನ ನಾದಿನಿ. ಮದ್ವೆ ದಿನ ಜಗಳ ಆಡಿದ್ಲು.’

‘ಯಾಕೆ ಅಜ್ಜಿ?’

ಆ ಪುಟ ಮುಗಿಯಲು ಎರಡು ದಿನ ಹಿಡಿಯಿತು. ನಾವು ಈಗಿರುವ ದೂರದ ಊರಿನ ಮನೆಯಲ್ಲಿ ನಾನು ಎಷ್ಟು ಸಲ ಹೇಳಿಕೊಟ್ಟರೂ ತಲೆಗೆ ಹತ್ತದ ನಾದಿನಿ, ಓರಗಿತ್ತಿ, ಷಡ್ಡಕ ಎಲ್ಲ ಜಗಳದ ಜೊತೆಗೇ ಹತ್ತಿದವು! ಭಾನುವಾರದ ಕನ್ನಡ ಕ್ಲಾಸ್ ಬೇಡ ಅನ್ನುತ್ತಿಲ್ಲ, ಆದರೆ ಅಲ್ಲಿ ನಾದಿನಿ ಸಿಗಲ್ಲ.

ಇನ್ನೊಂದು ಫೋಟೋದಲ್ಲಿ ಅಪ್ಪ ಅವರ ಶಾಲೆಯ ಮೆಟ್ಟಿಲ ಮೇಲೆ ನಿಂತಿದ್ದಾರೆ. ಹಿಂದಿನ ಬೋರ್ಡಿನಲ್ಲಿ ‘ಚಿತ್ರದುರ್ಗ ಜಿಲ್ಲೆ’ ಅಂತಿದೆ. ಅಜ್ಜ ದಾವಣಗೆರೆಯವರಲ್ವಾ ಅಂತ ಮಗಳಿಗೆ ಅನುಮಾನ. ದಾವಣಗೆರೆ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ, ಅದಕ್ಕೆ ಮುಂಚಿನ ಫೋಟೋ ಇದು ಅಂದೆ. ‘ಅಂದ್ರೆ ಅಜ್ಜ ಮನೆ ಬಿಡದೇನೇ ಜಿಲ್ಲೆ ಬಿಟ್ರು’ ಅಂದಳು. ಅದನ್ನೇ ಕೆಳಗೆ ಬರೆಸಿದೆ, ಅವಳ ಕಾಗುಣಿತದಲ್ಲೇ.

ಚಿತ್ರದುರ್ಗದ ಕೋಟೆಗೂ ಹೋಗಿಬಂದೆವು. ನನ್ನ ಮಾವ ಕಾಲೇಜು ಹುಡುಗನಾಗಿದ್ದಾಗ ಓಬವ್ವನ ಕಿಂಡಿಯಲ್ಲಿ ಬಗ್ಗಿ ನಿಂತು ತೆಗೆಸಿಕೊಂಡ ಫೋಟೋ ಸಿಕ್ಕಿತ್ತು. ಅದೇ ಜಾಗದಲ್ಲಿ ಮಗನನ್ನ ನಿಲ್ಲಿಸಿದೆವು. ಅವನು ಬಗ್ಗಲೂ ಬೇಕಾಗಲಿಲ್ಲ. ಹೈದರಾಲಿ ಸೈನಿಕರು ಇದರೊಳಗೇ ನುಸುಳಿ ಬಂದರು ಅಂತ ಕತೆ ಹೇಳಿದರೆ, ‘ಒನಕೆ ಅಂದ್ರೆ ಎಷ್ಟು ಉದ್ದ?’ ಅಂದ. ಮನೆಗೆ ಬಂದು ಹಿತ್ತಲಲ್ಲಿದ್ದ ಅಮ್ಮನ ಒನಕೆ ತೋರಿಸಿದೆ. ಎತ್ತಲು ನೋಡಿದ, ಆಗಲಿಲ್ಲ. ಆ ಪುಟದಲ್ಲಿ ಈಗ ಮಾವ, ಮಗ, ಒನಕೆ ಮೂವರೂ ಇದ್ದಾರೆ. ಬಂಡೆ ಒಂದಿಂಚೂ ಬದಲಾಗಿಲ್ಲ. ಮಾವನ ಸೊಂಟದ ಬಗ್ಗೆ ಏನೂ ಹೇಳಲ್ಲ, ಅವರೂ ಈ ಗುಂಪಿನಲ್ಲಿದ್ದಾರೆ.

ಹೆಸರನ್ನ ಫೋಟೋ ಹಿಂದೆ ಬಾಲ್‌ಪೆನ್‌ನಲ್ಲಿ ಬರೆಯಬೇಡಿ, ಒತ್ತಿದ್ದು ಮುಂದೆ ಮೂಡುತ್ತದೆ. ಹಳೇ ಕಪ್ಪು-ಬಿಳುಪಿನದ್ದಕ್ಕೆ ಮೆತ್ತನೆ ಪೆನ್ಸಿಲ್ ಸಾಕು. ಕಲರ್ ಪ್ರಿಂಟ್ ಹಿಂದೆ ಪ್ಲಾಸ್ಟಿಕ್ ಲೇಪ ಇರುವುದರಿಂದ ಪೆನ್ಸಿಲ್ ಹಿಡಿಯಲ್ಲ, ಪುಟದಲ್ಲೇ ಬರೆಯಿರಿ.

ಒಬ್ಬ ಹುಡುಗನ ಹೆಸರು ಮಾತ್ರ ಗೊತ್ತಾಗಲಿಲ್ಲ. ಅಮ್ಮನ ತಂಗಿ ಮದುವೆಯ ಮೂರು ಫೋಟೋದಲ್ಲಿ ಇದ್ದಾನೆ, ಚೌಕಳಿ ಅಂಗಿ. ಅಮ್ಮ ಗಂಡಿನ ಕಡೆಯವನು ಅಂದರು. ಹರಿಹರದ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿದರೆ, ‘ನಮ್ಮ ಕಡೆಯವನಲ್ಲ, ನಿಮ್ಮ ಕಡೆಯವನೇ’ ಅಂದರು. ಅರ್ಧ ಗಂಟೆ ವಾದ. ಕೊನೆಗೆ ಹಿಂದಿನಿಂದ ಚಿಕ್ಕಪ್ಪ ಇಣುಕಿ, ‘ಅವ್ನು ಫೋಟೋದವನ ಜೊತೆ ಲೈಟ್ ಹಿಡಿಯೋಕೆ ಬಂದಿದ್ದ ಹುಡುಗ ಕಣ್ರೇ. ಊಟಕ್ಕೆ ನನ್ನ ಪಕ್ಕನೇ ಕೂತಿದ್ದ’ ಅಂದರು.

ತೆಗೆದುಬಿಡೋಣ್ವಾ ಅಂತ ಕೇಳಿದೆ. ಮಕ್ಕಳು ಒಪ್ಪಲಿಲ್ಲ. ಕೆಳಗೆ ‘ಲೈಟ್ ಹಿಡಿದ ಹುಡುಗ’ ಅಂತ ಬರೆದು, ಪಕ್ಕದಲ್ಲಿ ಹಳದಿ ಬಣ್ಣದ ಬಲ್ಬು ಬಿಡಿಸಿದ್ದಾರೆ.