ಡ್ರೈವರ್ ಸೀಟ್ ಬಿಸಿಯಾಗ್ತಿಲ್ಲ, ಮನೇಲೇ ಬಿಚ್ಚಿ ನೋಡಬಹುದಾ?

ಚಿಕ್ಕಬಳ್ಳಾಪುರ ಹೂವಿನವನು:
ನಮಸ್ಕಾರ. ನನ್ನದು 2012ರ ಸೆಡಾನ್, ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಮುಂದಿನ ಎರಡೂ ಸೀಟಿಗೆ ಹೀಟರ್ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಹೂವಿನ ಮಾರ್ಕೆಟ್ಟಿಗೆ ಹೊರಡುತ್ತೇನೆ, ಸೊಂಟ ನೋವು ಬೇರೆ. ಹಾಗಾಗಿ ಇದು ಶೋಕಿ ಅಲ್ಲ. ಹದಿನೈದು ದಿನದಿಂದ ನನ್ನ ಸೀಟ್ ತಣ್ಣಗೇ ಇದೆ. ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ಐದಾರು ಸೆಕೆಂಡಿಗೆ ಆರಿಹೋಗುತ್ತದೆ. ಪಕ್ಕದ ಸೀಟ್ ಸರಿಯಾಗಿದೆ. ಫ್ಯೂಸ್ ನೋಡಿದೆ, ಸುಟ್ಟಿಲ್ಲ. ಮಲ್ಟಿಮೀಟರ್ ಇದೆ. ಮನೇಲಿ ಮಾಡಿಕೊಂಡವರು ಇದ್ದರೆ ನಿಮ್ಮ ಅನುಭವ ಹೇಳಿ.

ತಿಪಟೂರು ತೆಂಗು:
ಖಂಡಿತ ಮಾಡಬಹುದು ಅಣ್ಣ. ನಾನು ಮಾಡಿದ್ದೇನೆ, ಅದೂ ತೋಟದ ಶೆಡ್ಡಿನಲ್ಲಿ. ಟಾರ್ಚ್ ಹಿಡಿಯೋಕೆ ಮಗಳು ಒಬ್ಬಳು ಜೊತೆಗಿದ್ದಳು, ಅಷ್ಟೇ.

ನನಗೆ ಸರ್ವಿಸ್ ಸೆಂಟರ್‌ನವರು ಹೇಳಿದ್ದು 41,600 ರೂಪಾಯಿ. ಹೀಟರ್ ಒಂದೇ ಬಿಡಿಯಾಗಿ ಬರಲ್ಲವಂತೆ, ಕುಶನ್ ಪೂರ್ತಿ ಬದಲಾಯಿಸಬೇಕಂತೆ. ಕೂಲಿ ಬೇರೆ. ಆ ಎಸ್ಟಿಮೇಟ್ ಚೀಟಿ ಇನ್ನೂ ಇಟ್ಟುಕೊಂಡಿದ್ದೇನೆ, ಸಿಟ್ಟು ಬರಬೇಕು ಅನ್ನಿಸಿದಾಗ ತೆಗೆದು ನೋಡುತ್ತೇನೆ. ನನಗೆ ಆದ ಖರ್ಚು ಬರೆದುಕೊಳ್ಳಿ. ಸೀಟ್ ಬಟ್ಟೆ ಬಿಗಿಯೋ ಹಾಗ್ ರಿಂಗ್ 180, ಅದರ ಇಕ್ಕಳ 520, ವೈರ್ ಜಾಯಿಂಟ್ ಮುಚ್ಚೋ ಶ್ರಿಂಕ್ ಟ್ಯೂಬ್ 90, ಬಟ್ಟೆ ಟೇಪು 150, ಎರಡು ದಿನದ ಟೀ-ಬನ್ನು 200. ಒಟ್ಟು 1,140.

ಬ್ಯಾಟರಿ ಮೈನಸ್ ಕಳಚಿ ಹತ್ತು ನಿಮಿಷ ಸುಮ್ನೆ ಕೂತೆ. ಸೀಟಿನ ಅಡಿ ಇರುವ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಅದಕ್ಕೆ ಮೀಟರ್ ಮುಟ್ಟಿಸಲೇಬಾರದು, ಆಟ ಅಲ್ಲ. ಹೀಟರ್ ಕನೆಕ್ಟರ್ ಬಿಚ್ಚಿ ಓಮ್, ಅಂದರೆ ತಂತಿ ಕರೆಂಟಿಗೆ ಒಡ್ಡೋ ತಡೆ, ನೋಡಿದೆ. ಸರಿಯಿದ್ದ ಸೀಟ್ 4 ಓಮ್ ಹತ್ತಿರ ಬಂತು, ಕೆಟ್ಟಿದ್ದು ಏನೂ ತೋರಿಸಲಿಲ್ಲ, ಅಂದರೆ ತಂತಿ ಎಲ್ಲೋ ಕಡಿದಿದೆ. ಮೀಟರಿನ ಎರಡು ಮೊನೆ ತಾಗಿಸಿದರೇ 0.4 ಬರುತ್ತಿತ್ತು, ಅದನ್ನು ಕಳೆದುಕೊಳ್ಳಿ. ನನ್ನ ಗಾಡಿಯಲ್ಲಿ ಕೂರುವ ಭಾಗದ ತಂತಿ ಮತ್ತು ಬೆನ್ನಿನ ತಂತಿ ಒಂದರ ಹಿಂದೆ ಒಂದು ಸೇರಿಕೊಂಡಿವೆ. ಒಂದು ಕಡಿದರೆ ಎರಡೂ ತಣ್ಣಗೆ.

ಎಲ್ಲಿ ಕಡಿದಿತ್ತು ಗೊತ್ತಾ? ಸರಿಯಾಗಿ ನಾನು ಮೊಣಕಾಲು ಊರೋ ಜಾಗದಲ್ಲಿ. ಹಿಂದಿನ ಸೀಟಿಗೆ ಕಾಯಿ ಚೀಲ ಹಾಕೋಕೆ ಮುಂದಿನ ಸೀಟಿನ ಮೇಲೆ ಮಂಡಿಯೂರಿ ಬಗ್ಗುವ ಅಭ್ಯಾಸ ನನಗೆ. ಬೆಸುಗೆ ಹಾಕಿದೆ, ಬಿಸಿಯಾಯಿತು, ಊರಿಗೆಲ್ಲ ಹೇಳಿಕೊಂಡೆ. ಐದೇ ತಿಂಗಳು. ಬೆಸುಗೆ ಹಾಕಿದ ಕಡೆ ತಂತಿ ಗಟ್ಟಿಯಾಗಿ, ಅದರ ಪಕ್ಕದಲ್ಲೇ ಮತ್ತೆ ಮುರಿಯಿತು. ಎರಡನೇ ಸಲ ಬೆಸುಗೆ ಬಿಟ್ಟು ಚಿಕ್ಕ ಕೊಳವೆ ಹಾಕಿ ಒತ್ತಿ ಕೂಡಿಸಿದೆ. ಎರಡು ವರ್ಷ ಆಯಿತು, ಇನ್ನೂ ಗಟ್ಟಿ.

ಕೋಲಾರ ಲೋಡ್‌ಗಾಡಿ:
ಇಂಥವರ ಮಾತು ನಂಬಿಯೇ ನಾನು ಹಾಳಾಗಿದ್ದು.

ನಾನೂ ಬಿಚ್ಚಿದೆ. ನಾಲ್ಕು ಬೋಲ್ಟು, ಎರಡು ಕನೆಕ್ಟರ್, ಅದರಲ್ಲಿ ಏನಿದೆ ಅನ್ನಿಸಿತು. ಸೀಟ್ ಎತ್ತಿ ಹೊರಗಿಟ್ಟು ಒಳಗೆ ಊಟಕ್ಕೆ ಹೋದೆ. ಅಷ್ಟರಲ್ಲಿ ನಮ್ಮ ಬಾಮೈದ ಹಾಡು ಕೇಳೋಣ ಅಂತ ಕೀ ತಿರುಗಿಸಿದ. ಬ್ಯಾಟರಿ ಕಳಚಿರಲಿಲ್ಲ, ತಪ್ಪು ನನ್ನದೇ. ಮೀಟರ್ ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿತು. ಸೀಟ್ ವಾಪಸ್ ಹಾಕಿದರೂ ಆರಲಿಲ್ಲ, ಬ್ಯಾಟರಿ ಕಳಚಿ ಹಾಕಿದರೂ ಆರಲಿಲ್ಲ. ಇಲ್ಲಿ ಇಬ್ಬರು ಮೆಕ್ಯಾನಿಕ್ಕರ, ಗಾಡಿಯ ತಪ್ಪು ಓದೋ ಸ್ಕ್ಯಾನರ್‌ಗೆ ನನ್ನ ಗಾಡಿ ಸಿಗಲೇ ಇಲ್ಲ, ಆದರೂ ಇಬ್ಬರೂ 300 ಇಸ್ಕೊಂಡರು. ಆಮೇಲೆ ಬೆಂಗಳೂರಿಗೆ ಹೋಗಿ ಆ ದೀಪ ಆರಿಸೋಕೆ 1,500 ಕೊಟ್ಟೆ. ಡೀಸೆಲ್, ಟೋಲು, ಒಂದು ದಿನದ ದುಡಿಮೆ ಸೇರಿಸಿ. ಟೊಮೆಟೊ ಸೀಸನ್ನಿನಲ್ಲಿ ಒಂದು ದಿನ ಅಂದರೆ ಏನು ಅಂತ ಮಂಡಿಗೆ ಬಂದು ನೋಡಿ.

ಕೊನೆಗೆ ಹೀಟರ್ ರಿಪೇರಿ ಆಯಿತಾ? ಇಲ್ಲ. ಈಗ ಆ ಸೀಟ್ ಬಟ್ಟೆ ಕೂಡ ಬಿಗಿಯಾಗಿಲ್ಲ, ಕೂತರೆ ಸುಕ್ಕು ಚುಚ್ಚುತ್ತದೆ.

ಒಂದು ಮಾತು. ನಮ್ಮ ಕಡೆ ಸೀಟ್ ಹೀಟರ್ ಯಾಕೆ ಸ್ವಾಮಿ? ಏಪ್ರಿಲ್‌ನಲ್ಲಿ ಗಾಡಿ ಬಿಸಿಲಿಗೆ ನಿಲ್ಲಿಸಿ ಕೂತು ನೋಡಿ. ಪುಕ್ಕಟೆ ಹೀಟರ್.

ಶಿಡ್ಲಘಟ್ಟದ ಗೂಡು:
ಕೋಲಾರದಣ್ಣ, ನಿಮಗೆ ಬೇಡದಿದ್ದರೆ ಬಿಡಿ. ಜನವರಿಯಲ್ಲಿ ನಂದಿ ಬೆಟ್ಟದ ಕಡೆಯಿಂದ ಬೀಸೋ ಗಾಳಿಗೆ ಬೆಳಗಿನ ಜಾವ ರೇಷ್ಮೆ ಗೂಡಿನ ಚೀಲ ಇಳಿಸಿದ್ದೀರಾ? ಕೇಳಿದವರು ಸೊಂಟ ನೋವು ಅಂತ ಬರೆದಿದ್ದಾರೆ, ಅದನ್ನಾದರೂ ಓದಿ.

ನನ್ನ ಕಥೆ ಬೇರೆ. ನನಗೆ ಫ್ಯೂಸ್ ಹಾರುತ್ತಿತ್ತು. ಹಾಕಿದ ತಕ್ಷಣ ಅಲ್ಲ, ಸೀಟ್ ಹಿಂದೆ ಮುಂದೆ ಜರುಗಿಸಿದಾಗ. ಮೆಕ್ಯಾನಿಕ್ ಒಬ್ಬ ಕೆಂಪು ಫ್ಯೂಸ್ ತೆಗೆದು ಹಳದಿ ಹಾಕಿ ಕಳಿಸಿದ. ಕೆಂಪು 10 ಆಂಪಿಯರ್, ಹಳದಿ 20. ಇನ್ನು ಹಾರಲ್ಲ ಸಾರ್ ಅಂದ. ಹಾರಲಿಲ್ಲ, ನಿಜ. ಫ್ಯೂಸ್ ಬದಲು ವೈರ್ ಸುಟ್ಟಿತು. ಚಿಂತಾಮಣಿ ರಸ್ತೆಯಲ್ಲಿ ಗಾಡಿ ತುಂಬ ಪ್ಲಾಸ್ಟಿಕ್ ವಾಸನೆ, ಹೆಂಡತಿ ಮಗುವನ್ನು ಎತ್ತಿಕೊಂಡು ಇಳಿದು ಓಡಿದಳು. ಇವತ್ತಿಗೂ ಆ ಸೀಟಿನಲ್ಲಿ ಕೂರಲ್ಲ. ನೋಡಿದರೆ ಸೀಟಿನ ಹಳಿಗೆ ವೈರ್ ಉಜ್ಜಿ ಉಜ್ಜಿ ಮೇಲಿನ ಸಿಪ್ಪೆ ಹೋಗಿತ್ತು. ವೈರಿಂಗ್ 3,200, ಕಾರ್ಪೆಟ್ 1,800, ವಾಸನೆ ಹೋಗೋಕೆ ಎರಡು ಸಲ ತೊಳೆಸಿದ್ದು 2,400. ಹತ್ತು ರೂಪಾಯಿ ಫ್ಯೂಸಿನ ಬುದ್ಧಿವಂತಿಕೆಗೆ 7,400.

ಬಂಗಾರಪೇಟೆ ವೈರ್:
ಎಲ್ಲರೂ ಅವರವರ ಪುರಾಣ ಹೇಳುತ್ತಿದ್ದೀರಿ, ಕೇಳಿದವರ ಗಾಡಿ ನೋಡೋರು ಯಾರು? ದೀಪ ಐದು ಸೆಕೆಂಡ್ ಹತ್ತಿ ಆರುತ್ತೆ ಅಂದರೆ ಹೀಟರ್ ನಿಯಂತ್ರಿಸೋ ಒಳಗಿನ ಮಾಡ್ಯೂಲ್ ಏನೋ ತಪ್ಪು ಕಂಡುಹಿಡಿದು ತಾನೇ ಆಫ್ ಮಾಡುತ್ತಿದೆ. ಫ್ಯೂಸ್ ಹಾರದಿದ್ದರೆ ಬಹುಮಟ್ಟಿಗೆ ಶಾರ್ಟ್ ಅಲ್ಲ, ಎಲ್ಲೋ ಕಡಿದಿದೆ. ಹೀಟರ್ ತಂತಿ ಇರಬಹುದು, ಇಲ್ಲ ಬಿಸಿ ಅಳೆಯೋ ಸೆನ್ಸರ್ ಇರಬಹುದು. ನಾನು ನೋಡಿದ ಸೆನ್ಸರ್‌ಗಳು 25 ಡಿಗ್ರಿಗೆ 10 ಕಿಲೋ ಓಮ್ ಆಸುಪಾಸು ತೋರಿಸುತ್ತಿದ್ದವು. ಅಂಗೈ ಒತ್ತಿ ಬಿಸಿ ಮಾಡಿದರೆ ರೀಡಿಂಗ್ ಇಳಿಯಬೇಕು. ಇಳಿಯದಿದ್ದರೆ ಸೆನ್ಸರ್ ಹೋಗಿದೆ. ಸುಮ್ನೆ ಬಟ್ಟೆ ಬಿಚ್ಚಬೇಡಿ. ಪಕ್ಕದ ಸೀಟ್ ಚೆನ್ನಾಗಿದೆಯಲ್ಲ, ಎರಡನ್ನೂ ಅಳೆದು ಹೋಲಿಸಿ.

ಇನ್ನು ತಿಪಟೂರಿನವರ ತೇಪೆ ಕೆಲಸ. ಹಳೇ ತಂತಿಗೆ ಜಾಯಿಂಟ್ ಹಾಕೋದು ಹರಿದ ಬನಿಯನ್ನಿಗೆ ಹೊಲಿಗೆ ಹಾಕಿದ ಹಾಗೆ. ನಾನು ಕಾರ್ಬನ್ ಫೈಬರ್ ಪ್ಯಾಡ್ ಹಾಕಿಬಿಟ್ಟೆ. ಎರಡು ಸೀಟಿಗೆ 2,600, ರಿಲೇ, ಸ್ವಿಚ್, ಫ್ಯೂಸ್ ಎಲ್ಲ ಸೆಟ್ಟಿನಲ್ಲೇ ಬಂತು. ಕುಶನ್ ಅಂಗಡಿಯವನು ಬಟ್ಟೆ ಬಿಚ್ಚಿ ಹಾಕಿದ್ದಕ್ಕೆ 1,500. ಒಂದು ಸೀಟಿಗೆ 4 ಆಂಪಿಯರ್ ಎಳೆಯುತ್ತದೆ. 12 ವೋಲ್ಟಿಗೆ ಲೆಕ್ಕ ಹಾಕಿ, 48 ವ್ಯಾಟ್. ಗಾಡಿಯ ಒಂದು ಹೆಡ್‌ಲೈಟ್ ಬಲ್ಬ್ ಹೊತ್ತಿಸಿದಷ್ಟೇ. ಮೂರು ಚಳಿಗಾಲ ಆಯಿತು, ಒಂದು ದಿನ ಕೈಕೊಟ್ಟಿಲ್ಲ.

ತುಮಕೂರು ಟೀಚರ್:
ಪ್ಯಾಡ್ ಹಾಕಿಸೋ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿ.

ನಮ್ಮ ತಾಯಿಗೆ ಸಕ್ಕರೆ ಕಾಯಿಲೆ, ಇಪ್ಪತ್ತು ವರ್ಷದಿಂದ. ಕಾಲಿನಲ್ಲಿ ಸ್ಪರ್ಶ ಕಡಿಮೆ. ಸೊಂಟಕ್ಕೆ ಹಿತ ಆಗಲಿ ಅಂತ ಇದೇ ಥರದ ಪ್ಯಾಡ್ ಹಾಕಿಸಿದೆವು. ಹಾಕಿದವರೂ ವೈರಿಂಗ್ ಗೊತ್ತಿದ್ದವರೇ. ಹಾಸನಕ್ಕೆ ಮದುವೆಗೆ ಹೊರಟೆವು. ಅಮ್ಮ ದಾರಿಯುದ್ದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಅಂತಲೇ ಕೂತಿದ್ದರು. ಛತ್ರದಲ್ಲಿ ಸೀರೆ ಬದಲಾಯಿಸುವಾಗ ನೋಡಿದರೆ ಎಡತೊಡೆಯ ಹಿಂದೆ ಅಂಗೈ ಅಗಲ ಬೊಬ್ಬೆ. ಅವರಿಗೆ ಗೊತ್ತೇ ಆಗಿರಲಿಲ್ಲ. ಐದು ವಾರ ಡ್ರೆಸ್ಸಿಂಗ್, ದಿನ ಬಿಟ್ಟು ದಿನ, ಸಲಕ್ಕೆ 250. ಆಂಟಿಬಯೋಟಿಕ್ ಬೇರೆ. ದುಡ್ಡು ಹೋಗಲಿ, ಅಮ್ಮ ಬೋರಲು ಮಲಗಿದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಆ ಪ್ಯಾಡಿನಲ್ಲಿ ಬಿಸಿ ತಾನಾಗಿ ನಿಲ್ಲಿಸೋ ಥರ್ಮೋಸ್ಟಾಟ್ ಇರಲಿಲ್ಲ.

ಬಂಗಾರಪೇಟೆ ವೈರ್:
ಮೇಡಂ, ತಾಯಿಯವರ ವಿಷಯ ಕೇಳಿ ಬೇಜಾರಾಯಿತು. ಆದರೆ ಥರ್ಮೋಸ್ಟಾಟ್ ಇಲ್ಲದ ಮಾಲು ಹಾಕಿದರೆ ಅದು ಪ್ಯಾಡಿನ ತಪ್ಪಾ? ನನ್ನದರಲ್ಲಿ ಇದೆ. ಸಕ್ಕರೆ ಕಾಯಿಲೆ ಇದ್ದವರನ್ನು ಹೈನಲ್ಲಿ ಅಷ್ಟು ಹೊತ್ತು ಕೂರಿಸಬಾರದು ಅಂತ ಮೊದಲೇ ಯೋಚಿಸಬೇಕಿತ್ತು.

ತುಮಕೂರು ಟೀಚರ್:
ಯೋಚಿಸಬೇಕಿತ್ತು. ಹೌದು. ಅದನ್ನು ನೀವು ಹೇಳಬೇಕಾಗಿರಲಿಲ್ಲ. ನಿಮ್ಮ ಪ್ಯಾಡಿನಲ್ಲಿ ಥರ್ಮೋಸ್ಟಾಟ್ ಇದೆ ಅಂತ ಬಿಚ್ಚಿ ನೋಡಿದ್ದೀರಾ, ಡಬ್ಬಿ ಮೇಲೆ ಓದಿದ್ದೀರಾ?

ಬಂಗಾರಪೇಟೆ ವೈರ್:
ಡಬ್ಬಿ ಮೇಲೆ ಇದೆ.

ತಿಪಟೂರು ತೆಂಗು:
ಹ್ಹಹ್ಹ. ತೇಪೆ ಕೆಲಸ ಅಂದೋರು ಇವರೇ ಅಲ್ವಾ? ನನ್ನ ಬನಿಯನ್ ಹೊಲಿಗೆಯಲ್ಲಿ ಕಂಪನಿ ಸೆನ್ಸರ್ ಹಾಗೇ ಇದೆ ಸಾರ್. ಬಿಸಿ ಜಾಸ್ತಿ ಆದರೆ ತಾನೇ ಇಳಿಯುತ್ತೆ. ಡಬ್ಬಿ ಓದೋ ಅಗತ್ಯ ಬಿದ್ದಿಲ್ಲ.

ಬಂಗಾರಪೇಟೆ ವೈರ್:
ಹದಿನೆಂಟು ವರ್ಷದಿಂದ ವೈರಿಂಗ್ ಮಾಡುತ್ತಿದ್ದೇನೆ. ಕೊಬ್ಬರಿ ಮಾರೋರಿಂದ ಕಲಿಯಬೇಕಾಗಿಲ್ಲ.

ತಿಪಟೂರು ತೆಂಗು:
ಕೊಬ್ಬರಿ ಮಾರೋರು ಬೆಸುಗೆ ಮುರಿದಿದ್ದನ್ನು ಬಾಯಿಬಿಟ್ಟು ಹೇಳಿದ್ದೇವೆ. ನಿಮ್ಮದು ಯಾವತ್ತೂ ಏನೂ ಮುರಿದಿಲ್ಲ ನೋಡಿ, ಅದೇ ಅನುಮಾನ.

ಕೋಲಾರ ಲೋಡ್‌ಗಾಡಿ:
ನಾನು ಮೊದಲೇ ಹೇಳಿದೆ, ಬಿಚ್ಚಬೇಡಿ ಅಂತ. ಒಂದು ಹಳೇ ಕಂಬಳಿ ಮಡಚಿ ಹಾಸಿಕೊಳ್ಳಿ.

ಶಿಡ್ಲಘಟ್ಟದ ಗೂಡು:
ಕಂಬಳಿ ಹಾಸಿದ ಮೇಲೆ ಅದರಡಿ ಹೀಟರ್ ಮಾತ್ರ ಹಾಕಬೇಡಿ ಅಂತಲೂ ಸೇರಿಸಿ. ಬಿಸಿ ಹೊರಗೆ ಹೋಗದೆ ಒಳಗೇ ಕೂರುತ್ತೆ. ಇನ್ನೊಂದು, ಏರ್‌ಬ್ಯಾಗ್ ಇರೋ ಸೀಟಿಗೆ ಬಿಗಿ ಕವರ್ ಹಾಕಿಸೋರು ಇದ್ದಾರೆ. ಪಕ್ಕದಲ್ಲಿ ಅದಕ್ಕೆ ಅಂತಲೇ ಬಿಚ್ಚಿಕೊಳ್ಳೋ ಹೊಲಿಗೆ ಇಲ್ಲದಿದ್ದರೆ ಅಪಘಾತದಲ್ಲಿ ಬ್ಯಾಗ್ ಸರಿಯಾಗಿ ಹೊರಗೆ ಬರೋದೇ ಕಷ್ಟ.

ಚಿಕ್ಕಬಳ್ಳಾಪುರ ಹೂವಿನವನು:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಕೈ ಹಾಕಿದೆ. ಮೊದಲು ಬ್ಯಾಟರಿ ಕಳಚಿದೆ. ಕೀ ನನ್ನ ಜೇಬಿನಲ್ಲೇ ಇಟ್ಟುಕೊಂಡೆ, ಕೋಲಾರದಣ್ಣನ ಬಾಮೈದನ ಕಥೆ ನೆನಪಿತ್ತು. ಹೀಟರ್ ತಂತಿ 3.7 ಓಮ್, ಪಕ್ಕದ ಸೀಟಿನಷ್ಟೇ. ಸೆನ್ಸರ್ ಸೀಟಿನ ಕನೆಕ್ಟರಿನಲ್ಲಿ 9 ಕಿಲೋ ಚಿಲ್ಲರೆ, ಅಂಗೈ ಒತ್ತಿದರೆ ಇಳಿಯಿತು. ಅಂದರೆ ಸೀಟ್ ಸರಿಯಾಗಿದೆ, ತಪ್ಪು ಗಾಡಿ ಕಡೆ. ಕಾರ್ಪೆಟ್ ಎತ್ತಿದೆ. ಕಡಲೆಕಾಯಿ ಸಿಪ್ಪೆ, ಹರಿದ ಹಂಜಿ, ಪೂರ್ತಿ ಸಂಸಾರ. ಸೆನ್ಸರಿಗೆ ಹೋಗೋ ಸಣ್ಣ ವೈರನ್ನು ಇಲಿ ಕಚ್ಚಿ ತುಂಡು ಮಾಡಿತ್ತು. ಕೂಡಿಸಿದೆ. ಬಟ್ಟೆ ಬಿಚ್ಚಲೇ ಇಲ್ಲ. ಖರ್ಚು ಸೊನ್ನೆ. ಇವತ್ತು ಬೆಳಗ್ಗೆ ನಾಲ್ಕಕ್ಕೆ ಬಿಸಿಯಾಗಿ ಕೂತು ಹೋದೆ.

ಬಂಗಾರಪೇಟೆ ವೈರ್:
ಸೆನ್ಸರ್ ಅಂತ ನಾನು ಹೇಳಿದ್ದೆ.

ತಿಪಟೂರು ತೆಂಗು:
ಸೆನ್ಸರ್ ಹೋಗಿದೆ ಅಂದಿರಿ. ಹೋಗಿದ್ದು ವೈರ್.

ಶಿಡ್ಲಘಟ್ಟದ ಗೂಡು:
ಇಲಿ ಮತ್ತೆ ಬರುತ್ತೆ ಅಣ್ಣ. ಹೊಗೆಸೊಪ್ಪಿನ ಕಟ್ಟು ಬಾನೆಟ್ ಒಳಗೆ ಇಡಿ. ನಾನು ಇಟ್ಟಿದ್ದೇನೆ.

ಕೋಲಾರ ಲೋಡ್‌ಗಾಡಿ:
ನಮ್ಮ ಮನೆ ಇಲಿ ಹೊಗೆಸೊಪ್ಪಿನ ಮೇಲೇ ಮಲಗಿತ್ತು. ನುಸಿಗುಳಿಗೆ ಹಾಕಿದೆ, ಇಲಿ ಹೋಗಲಿಲ್ಲ, ನನಗೆ ತಲೆನೋವು ಬಂತು. ಬೆಕ್ಕು ಸಾಕಿದೆ, ಅದು ಬಾನೆಟ್ ಮೇಲೆ ಗೀರು ಹಾಕಿತು. ಪೇಂಟ್ 2,200.

ತುಮಕೂರು ಟೀಚರ್:
ರಾತ್ರಿ ಗಾಡಿ ಪಕ್ಕದಲ್ಲಿ ಮೂಟೆ ಇಡೋದು ನಿಲ್ಲಿಸಿ. ನಮ್ಮ ಮನೆಯಲ್ಲಿ ರಾಗಿ ಚೀಲ ಒಳಗೆ ಹೋದ ಮೇಲೆ ಇಲಿ ಕಾಟ ತಪ್ಪಿತು.

ಕೋಲಾರ ಲೋಡ್‌ಗಾಡಿ:
ನೋಡೋಣ. ತಿಪಟೂರಣ್ಣ, ಆ ರಿಂಗ್ ಹಾಕೋ ಇಕ್ಕಳ 520 ಅಂದಿರಲ್ಲ. ನನ್ನ ಸೀಟಿನ ಸುಕ್ಕು ಒಂದು ಬಿಗಿದುಕೊಳ್ಳಬೇಕಿತ್ತು. ಕೊರಿಯರ್ ಮಾಡ್ತೀರಾ, ವಾರದಲ್ಲಿ ವಾಪಸ್ ಕಳಿಸುತ್ತೇನೆ?

ತಿಪಟೂರು ತೆಂಗು:
ಕೊರಿಯರ್ ಗಿರಿಯರ್ ಆಗಲ್ಲ. ಇಂಥವರ ಮಾತು ನಂಬಿ ಹಾಳಾದೆ ಅಂದವರು ನೀವೇ. ಗಾಡಿ ತಗೊಂಡು ಬನ್ನಿ, ಶೆಡ್ಡಿನಲ್ಲೇ ಬಿಗಿಯೋಣ. ಬಾಮೈದನ್ನ ಮಾತ್ರ ಕರಕೊಂಡು ಬರಬೇಡಿ.