ಸುಟ್ಟ ಬದನೆಕಾಯಿ: ಸಿಪ್ಪೆ ಕರಿ, ತೊಟ್ಟಿನ ಹತ್ತಿರ ಹಸಿ. ಸರಿಯಾಗಿ ಸುಡೋದು ಹೇಗೆ?

ಬಸವನಗುಡಿ_ಅಡುಗೆ (ಪ್ರಶ್ನೆ)

ಗೊಜ್ಜಿಗೆ ಅಂತ ದೊಡ್ಡ ನೇರಳೆ ಗುಂಡು ಬದನೆಕಾಯಿ ತರ್ತೀನಿ. ಒಂದೊಂದು ಅರ್ಧ ಕೆಜಿ ದಾಟುತ್ತೆ. ಅಪಾರ್ಟ್‌ಮೆಂಟ್ ಮನೆ, ಪೈಪ್ ಗ್ಯಾಸ್, ಗಾಜಿನ ಹಾಸಿನ ಮೂರು ಬರ್ನರ್ ಸ್ಟವ್. ದೊಡ್ಡ ಉರಿಯಲ್ಲಿ ಇಟ್ಟರೆ ಹತ್ತು ನಿಮಿಷಕ್ಕೇ ಸಿಪ್ಪೆ ಕರಿಯಾಗಿ ಉದುರೋಕೆ ಶುರು, ಆದರೆ ತೊಟ್ಟಿನ ಕಡೆ ಬೆಳ್ಳಗೆ ಗಟ್ಟಿಯಾಗೇ ಉಳಿಯುತ್ತೆ. ಸಣ್ಣ ಉರಿಯಲ್ಲಿ ಇಟ್ಟರೆ ಒಳಗೆಲ್ಲಾ ಬೇಯುತ್ತೆ, ಹೊಗೆಯ ಘಮ ಮಾತ್ರ ಬರಲ್ಲ, ಸಿಪ್ಪೆಯೂ ತಿರುಳಿಗೇ ಅಂಟಿಕೊಳ್ಳುತ್ತೆ.

ಎಣ್ಣೆ ಸವರಬೇಕಾ? ಚುಚ್ಚಬೇಕಾ, ಸೀಳಬೇಕಾ? ರಸ ತೊಟ್ಟಿಕ್ಕಿ ಬರ್ನರ್ ಕಟ್ಟಿಕೊಳ್ಳೋದನ್ನ ತಪ್ಪಿಸೋದು ಹೇಗೆ? ಅಮ್ಮನ ಮನೆಯಲ್ಲಿ ಇಂಡಕ್ಷನ್ ಒಲೆ ಮಾತ್ರ ಇದೆ, ಅಲ್ಲಿ ಏನಾದ್ರೂ ದಾರಿ ಇದ್ಯಾ? ಗೊತ್ತಿರೋರು ವಿವರವಾಗಿ ಬರೀರಿ.

ಒಲೆಯುರಿ

ಮೊದಲು ಕಾಯಿ ಬದಲಾಯಿಸಿ. ಅರ್ಧ ಕೆಜಿ ದಾಟಿದ ಗುಂಡು ಕಾಯಿಯಲ್ಲಿ ಸಿಪ್ಪೆಯಿಂದ ನಡುವಿನವರೆಗೆ ನಾಲ್ಕೈದು ಸೆಂಟಿಮೀಟರ್ ತಿರುಳಿರುತ್ತೆ. ಅದು ಗಾಳಿ ತುಂಬಿದ ಸ್ಪಂಜಿನಂಥ ತಿರುಳು, ಶಾಖ ಅದರೊಳಗೆ ನಿಧಾನವಾಗಿ ಇಳಿಯುತ್ತೆ. ಹೊರಪದರ ಬೆಂದು ಕುಸಿದು, ಅದರ ನೀರು ಆವಿಯಾಗಿ ಒಳಕ್ಕೆ ಹೋಗ್ತಾ ಹೋಗ್ತಾ ನಡುಭಾಗ ಬೇಯಬೇಕು. ಬದನೆಕಾಯಿಯಲ್ಲಿ ನೂರಕ್ಕೆ 92 ಪಾಲು ನೀರೇ. ಹಾಗಾಗಿ ಆವಿಗೆ ಕೊರತೆ ಇಲ್ಲ, ಅದಕ್ಕೆ ಸಮಯ ಕೊಡಬೇಕು ಅಷ್ಟೆ. ದೊಡ್ಡ ಕಾಯಿಗೆ ಅಷ್ಟು ಸಮಯ ಕೊಡೋಷ್ಟರಲ್ಲಿ ಸಿಪ್ಪೆ ಬೂದಿಯಾಗಿ, ಅದರ ಕೆಳಗಿನ ಒಳ್ಳೇ ತಿರುಳೂ ಸೀದಿರುತ್ತೆ. ಒಂದು ದೊಡ್ಡದರ ಬದಲು 300ರಿಂದ 350 ಗ್ರಾಂ ತೂಗೋ, ಸ್ವಲ್ಪ ನೀಳವಾದ ಎರಡು ತಗೊಳ್ಳಿ.

ಆರಿಸುವಾಗ ಸಿಪ್ಪೆಯ ಹೊಳಪು ನೋಡಿ. ಹೊಳಪು ಹೋಗಿ ಮಂಕಾಗಿದ್ದರೆ, ಅಲ್ಲಲ್ಲಿ ಹಳದಿ ಅಥವಾ ಕಂದು ತಿರುಗಿದ್ದರೆ ಕಾಯಿ ಬಲಿತಿದೆ, ಬೀಜ ಗಟ್ಟಿಯಾಗಿದೆ ಅಂತ. ಎಷ್ಟು ಚೆನ್ನಾಗಿ ಸುಟ್ಟರೂ ಆ ಕಹಿ ಹೋಗಲ್ಲ. ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋದ ಸಿಪ್ಪೆ ವಾಪಸ್ ಬರಬೇಕು. ತೊಟ್ಟು ಹಸಿರಾಗಿರಬೇಕು. ಹಾಪ್‌ಕಾಮ್ಸ್‌ನಲ್ಲಾಗಲಿ ಕೆ.ಆರ್. ಮಾರ್ಕೆಟ್‌ನಲ್ಲಾಗಲಿ, ಇಷ್ಟು ನೋಡಿ ತಂದರೆ ಅರ್ಧ ಕೆಲಸ ಮುಗಿದ ಹಾಗೆ.

ಕಾಯಿ ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಒದ್ದೆ ಇರಬಾರದು. ತೊಟ್ಟಿನ ಸುತ್ತ ಟೋಪಿ ಥರ ಅಂಟಿಕೊಂಡಿರೋ ಹಸಿರು ಎಲೆಗಳನ್ನ ಕಿತ್ತುಬಿಡಿ, ಕಾಂಡ ಮಾತ್ರ ಇರಲಿ, ಹಿಡಿದು ತಿರುಗಿಸೋಕೆ ಬೇಕು. ನಿಮ್ಮ ಕಾಯಿ ತೊಟ್ಟಿನ ಹತ್ತಿರ ಬೇಯದೇ ಇರೋಕೆ ಈ ಎಲೆಗಳೂ ಒಂದು ಕಾರಣ, ಉರಿ ಸಿಪ್ಪೆಗೆ ತಾಗದ ಹಾಗೆ ಅವು ತಡೀತವೆ. ಎಣ್ಣೆ ಅರ್ಧ ಟೀ ಚಮಚ ಸಾಕು, ಕೈಯಲ್ಲೇ ತೆಳ್ಳಗೆ ಸವರಿ. ಸಿಪ್ಪೆ ಒಂದೇ ಸಮ ಸುಟ್ಟು, ಸುಲಿಯುವಾಗ ಸಲೀಸಾಗಿ ಬರುತ್ತೆ. ಜಾಸ್ತಿಯಾದರೆ ಉರಿಗೆ ತೊಟ್ಟಿಕ್ಕಿ, ಭಗ್ ಅಂತ ಹತ್ತಿಕೊಂಡು ಮಸಿ ಹಿಡಿಯುತ್ತೆ. ಫೋರ್ಕ್‌ನಲ್ಲಿ ಸುತ್ತಲೂ ಐದಾರು ಕಡೆ, ಒಂದು ಸೆಂಟಿಮೀಟರ್ ಆಳಕ್ಕೆ ಚುಚ್ಚಿ. ಚುಚ್ಚದಿದ್ದರೆ ಒಳಗಿನ ಆವಿ ಸಿಪ್ಪೆಯನ್ನ ಎಲ್ಲೋ ಒಂದು ಕಡೆ ಸೀಳಿಕೊಂಡು ಹೊರಗೆ ಬರುತ್ತೆ.

ಈಗ ಉರಿ. ನಡು ಗಾತ್ರದ ಬರ್ನರ್ ಸಾಕು. ಜ್ವಾಲೆ ಕಾಯಿಯ ಕೆಳಭಾಗಕ್ಕೆ ತಾಗಬೇಕು, ಪಕ್ಕಗಳನ್ನ ಸುತ್ತಿಕೊಂಡು ಮೇಲೇರಬಾರದು. ಮೊದಲ ನಾಲ್ಕೈದು ನಿಮಿಷ ತೊಟ್ಟಿನ ಕಡೆಯೇ ಉರಿಯ ನಡುವೆ ಬರೋ ಹಾಗೆ ಓರೆಯಾಗಿ ಇಡಿ, ಒಂದೆರಡು ಸಲ ತಿರುಗಿಸಿ. ಆಮೇಲೆ ಮಲಗಿಸಿ, ನಾಲ್ಕು ಮಗ್ಗುಲಿಗೂ ಮೂರು ಮೂರು ನಿಮಿಷ. ಕೊನೆಗೆ ಉರಿ ದೊಡ್ಡದು ಮಾಡಿ ಎರಡು ನಿಮಿಷ ಬೇಗ ಬೇಗ ಉರುಳಿಸಿ. ಒಟ್ಟು 18ರಿಂದ 22 ನಿಮಿಷ.

ಕೊನೆಯ ಎರಡು ನಿಮಿಷ ಬಿಡಬೇಡಿ. ಗ್ಯಾಸ್ ಉರಿಗೆ ತನ್ನದೇ ಘಮ ಇಲ್ಲ, ಸಿಪ್ಪೆ ಸುಟ್ಟ ಹೊಗೆಯೇ ತಿರುಳಿಗೆ ಹಿಡಿಯೋದು. ಸಣ್ಣ ಉರಿಯಲ್ಲೇ ಮುಗಿಸಿದರೆ ಸಿಪ್ಪೆ ಒಣಗಿ ಚರ್ಮದ ಹಾಗೆ ಗಟ್ಟಿಯಾಗುತ್ತೆ ಹೊರತು ಸುಡಲ್ಲ. ನಿಮಗೆ ಘಮ ಬರದೇ ಇದ್ದದ್ದೂ ಸಿಪ್ಪೆ ಅಂಟಿಕೊಂಡದ್ದೂ ಅದಕ್ಕೇ. ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಸುಡೋರಿದ್ದಾರೆ, ಕಾಯಿ ಬೇಯುತ್ತೆ ನಿಜ, ಆದರೆ ಅದು ಬೇಯಿಸಿದ ಬದನೆಕಾಯಿ, ಸುಟ್ಟದ್ದಲ್ಲ.

ಆಯ್ತು ಅನ್ನೋದಕ್ಕೆ ಗುರುತು: ಕಾಯಿ ಕುಸಿದು ಚಪ್ಪಟೆಯಾಗಿರುತ್ತೆ, ಚುಚ್ಚಿದ ತೂತುಗಳಲ್ಲಿ ರಸ ಗುಳುಗುಳು ಅಂತಿರುತ್ತೆ. ಚಾಕುವನ್ನ ತೊಟ್ಟಿನ ಪಕ್ಕದಲ್ಲೇ ಚುಚ್ಚಿ ನೋಡಿ, ನಡುವಲ್ಲಿ ಚುಚ್ಚಿದರೆ ಮೋಸ ಹೋಗ್ತೀರಿ. ತಡೆಯಿಲ್ಲದೆ ಇಳಿದರೆ ತೆಗೆದು, ಮುಚ್ಚಳ ಇರೋ ಸ್ಟೀಲ್ ಪಾತ್ರೆಯಲ್ಲಿ ಹತ್ತು ನಿಮಿಷ ಮುಚ್ಚಿಡಿ. ಸಿಪ್ಪೆ ತಾನಾಗೇ ಸಡಿಲವಾಗುತ್ತೆ, ಘಮವೂ ಒಳಗೆ ಕೂರುತ್ತೆ. ಆಮೇಲೆ ನಲ್ಲಿ ಕೆಳಗೆ ಹಿಡಿಯೋದು ಮಾತ್ರ ಬೇಡ, ಇಷ್ಟು ಕಷ್ಟಪಟ್ಟು ಬರಿಸಿದ ಘಮ ಸಿಂಕಿಗೆ ಹೋಗುತ್ತೆ. ಪಕ್ಕದಲ್ಲಿ ಒಂದು ಬಟ್ಟಲು ನೀರಿಟ್ಟುಕೊಂಡು ಬೆರಳು ಅದ್ದಿ ಅದ್ದಿ ಸುಲಿಯಿರಿ. ಅಲ್ಲಲ್ಲಿ ಒಂದೆರಡು ಕರಿ ಚೂರು ಉಳಿದರೆ ಪರವಾಗಿಲ್ಲ.

ಬರ್ನರ್ ವಿಷಯ: ಪಾತ್ರೆ ಅಂಗಡಿಯಲ್ಲಿ ಹಪ್ಪಳ, ಫುಲ್ಕಾ ಸುಡೋ ಹಿಡಿಕೆ ಇರೋ ಜಾಲರಿ ಸಿಗುತ್ತೆ, ಅದರ ಮೇಲಿಡಿ. ಬರ್ನರ್ ಸುತ್ತ ಫಾಯಿಲ್ ಹಾಸಬೇಡಿ. ಉರಿಗೆ ಬೇಕಾದ ಗಾಳಿ ತಡೆಯುತ್ತೆ, ಗಾಜಿನ ಹಾಸಿನ ಮೇಲೆ ಶಾಖ ಕೂಡಿಹಾಕುತ್ತೆ. ರಸ ಬಿದ್ದು ಉರಿ ಹಳದಿಗೆ ತಿರುಗಿದರೆ ಆರಿಸಿ. ತಣ್ಣಗಾದ ಮೇಲೆ ಬರ್ನರ್‌ನ ತಲೆ ತೆಗೆದು ತೊಳೆದು, ತೂತುಗಳನ್ನ ಪಿನ್ನಿನಲ್ಲಿ ಬಿಡಿಸಿ, ಪೂರ್ತಿ ಒಣಗಿಸಿ ಹಾಕಿ. ಹಳದಿ ಉರಿಯಲ್ಲಿ ಸುಟ್ಟರೆ ಕಾಯಿಗೆ ಮಸಿ ಹಿಡಿಯುತ್ತೆ.

ಜೋಳದರೊಟ್ಟಿ

ಮ್ಯಾಲಿನವರು ಹೇಳಿದ್ದು ಖರೇ ಅದ. ಆದ್ರ ಚುಚ್ಚೂದರ ಬದ್ಲಿ ಸೀಳ್ರಿ ಅಂತೀನಿ ನಾನು. ಕಾರಣ ಹುಳ. ಕಾಯಿಕೊರಕ ಹುಳ ಸಣ್ಣದಿದ್ದಾಗ ಒಳಗ ಹೊಕ್ಕಿರ್ತದ, ಹೊಕ್ಕ ತೂತು ಕಾಯಿ ಬೆಳದಂಗ ಮುಚ್ಚಿ ಹೋಗ್ತದ. ಹೊರಗ ಕಾಣೂ ದೊಡ್ಡ ತೂತು ಹುಳ ಹೊರಗ ಬಿದ್ದದ್ದು. ಅಂದ್ರ ತೂತಿಲ್ಲದ ಕಾಯಿಯೊಳಗೂ ಹುಳ ಇರಬಹುದು. ಇಡೀ ಕಾಯಿ ಸುಟ್ಟು ಆಮ್ಯಾಲೆ ನೋಡೂದಕ್ಕಿಂತ ಮೊದಲ ನೋಡೂದು ಛಲೋ.

ತುದಿಯಿಂದ ಅಧಿಕ ಚಿಹ್ನಿ ಹಂಗ ಎರಡು ಸೀಳು ಹಾಕ್ರಿ, ಮುಕ್ಕಾಲು ಭಾಗಕ್ಕ ನಿಲ್ಲಸ್ರಿ, ತೊಟ್ಟಿನ ಕಡೆ ಕೂಡಿಕೊಂಡಿರ್ಲಿ. ಬೆಳಕಿಗೆ ಹಿಡದು ಬಿಚ್ಚಿ ನೋಡ್ರಿ. ಸ್ವಚ್ಛ ಇದ್ರ ಒಳಗ ಆರೇಳು ಬಳ್ಳೊಳ್ಳಿ ಎಸಳು, ಎರಡು ಹಸಿಮೆಣಸಿನಕಾಯಿ ಸಿಗಿಸಿ ಮುಚ್ಚಿ ಸುಡ್ರಿ. ಬಳ್ಳೊಳ್ಳಿ ಆಳಕ್ಕ ಇರ್ಲಿ, ಸೀಳಿನ ಬಾಯಾಗ ಇದ್ರ ಹೊತ್ತಿ ಕಹಿ ಆಗ್ತದ. ಸೀಳಿದ ಕಾಯಿ ನಾಲ್ಕೈದು ನಿಮಿಷ ಬೇಗ ಬೇಯ್ತದ, ಹೊಗಿನೂ ಒಳಗ ಹೋಗ್ತದ.

ರೊಟ್ಟಿ ಜೋಡಿ ತಿನ್ನೂ ಭರ್ತಾ ಗಟ್ಟಿ ಇರಬೇಕು, ಅದಕ್ಕ ರಸ ಸ್ವಲ್ಪ ಹೋದ್ರ ಒಳ್ಳೇದ ಆತು. ಸುಲದ ಮ್ಯಾಲೆ ಜರಡಿಯೊಳಗ ಐದು ನಿಮಿಷ ಇಡ್ರಿ. ಕೈಲೆ ಇಲ್ಲಾ ಚಮಚದಿಂದ ಕಿವುಚ್ರಿ, ಮಿಕ್ಸರ್‌ಗೆ ಹಾಕಬ್ಯಾಡ್ರಿ. ಬೀಜ ಒಡದು ಕಹಿ ಬಿಡ್ತದ, ತಿರುಳು ಅಂಟು ಅಂಟಾಗ್ತದ. ಸಣ್ಣಗೆ ಹೆಚ್ಚಿದ ಹಸಿ ಉಳ್ಳಾಗಡ್ಡಿ, ಎರಡು ಚಮಚ ಹುರದ ಶೇಂಗಾ ಪುಡಿ, ಕೊತ್ತಂಬ್ರಿ, ಉಪ್ಪು, ಮ್ಯಾಲೆ ಒಂದು ಚಮಚ ಹಸಿ ಶೇಂಗಾ ಎಣ್ಣಿ. ಅಷ್ಟ.

ಒಲೆಯುರಿ

ಹುಳದ ಮಾತು ಒಪ್ಪಿದೆ. ಭರ್ತಕ್ಕೆ ನಿಮ್ಮ ಎರಡು ಸೀಳೇ ಸರಿ. ಆದರೆ ಅವರು ಕೇಳಿರೋದು ಗೊಜ್ಜಿಗೆ, ಅದಕ್ಕೆ ರಸ ಬೇಕು. ಗೊಜ್ಜಿಗಾದರೆ ಉದ್ದಕ್ಕೆ ಒಂದೇ ಸೀಳು ಹಾಕಿ ಒಳಗೆ ನೋಡಿ, ಆ ಮಗ್ಗುಲು ಮೇಲೆ ಬರೋ ಹಾಗಿಟ್ಟು ಉಳಿದ ಮೂರು ಮಗ್ಗುಲು ಸುಡಿ. ಸೀಳಿದ ಮಗ್ಗುಲನ್ನ ಕೊನೆಗೆ ಅರ್ಧ ನಿಮಿಷ ಉರಿಗೆ ತೋರಿಸಿದರೆ ಸಾಕು.

ಒಟಿಜಿ_ಮಂದಿ

ಗ್ಯಾಸ್ ಉರಿ ಇಲ್ಲದ ಕಡೆಗೆ ಬರೀತಿದ್ದೀನಿ.

ಇಂಡಕ್ಷನ್ ಮೇಲೆ ನೇರ ಸುಡೋಕಾಗಲ್ಲ, ಅದು ಪಾತ್ರೆಯನ್ನ ಮಾತ್ರ ಬಿಸಿ ಮಾಡುತ್ತೆ. ತಳ ದಪ್ಪ ಇರೋ ಕಬ್ಬಿಣದ ತವಾ ತಗೊಳ್ಳಿ. ಕಾಯಿಯನ್ನ ಉದ್ದಕ್ಕೆ ಎರಡು ಹೋಳು ಮಾಡಿ, ಒಳಮೈ ಮೇಲೆ ಒಂದು ಸೆಂಟಿಮೀಟರ್ ಆಳಕ್ಕೆ ಚೌಕ ಚೌಕವಾಗಿ ಗೀರಿ, ಒಂದೊಂದು ಹೋಳಿಗೆ ಒಂದು ಚಮಚ ಎಣ್ಣೆ ಸವರಿ. ಗೀರಿದ ಮೈ ಕೆಳಗಾಗಿಸಿ, ಮುಚ್ಚಳ ಮುಚ್ಚಿ, ಮಧ್ಯಮಕ್ಕಿಂತ ಕಡಿಮೆ ಶಾಖದಲ್ಲಿ 12ರಿಂದ 15 ನಿಮಿಷ. ಮಗುಚಿ, ಸಿಪ್ಪೆ ಕೆಳಗಾಗಿ ಇನ್ನೊಂದು ಹತ್ತು ನಿಮಿಷ. ಕೊನೆ ಎರಡು ನಿಮಿಷ ಮುಚ್ಚಳ ತೆಗೆದು ಶಾಖ ಏರಿಸಿ. ಸಿಪ್ಪೆ ಸುಲಿಯೋ ಗೋಜಿಲ್ಲ, ಚಮಚದಲ್ಲಿ ತಿರುಳು ಕೆರೆದುಕೊಂಡರಾಯ್ತು. ಕೆಂಪಗೆ ಹುರಿದ ಮೈಯಿಂದ ಸಿಹಿ ರುಚಿ ಬರುತ್ತೆ, ಸುಟ್ಟ ರುಚಿಗಿಂತ ಬೇರೆ, ಆದರೆ ಚೆನ್ನಾಗಿರುತ್ತೆ. ಕೆರೆದ ತಿರುಳನ್ನ ಕಬ್ಬಿಣದಲ್ಲೇ ಬಿಡಬೇಡಿ, ಕಪ್ಪಾಗುತ್ತೆ.

ಒಟಿಜಿ (ಓವನ್ ಟೋಸ್ಟರ್ ಗ್ರಿಲ್ಲರ್) ಇದ್ದರೆ 230 ಡಿಗ್ರಿಗೆ ಹತ್ತು ನಿಮಿಷ ಮೊದಲೇ ಕಾಯಿಸಿ, ಮೇಲಿನ ಕೆಳಗಿನ ರಾಡ್ ಎರಡೂ ಇರಲಿ. ಇಡೀ ಕಾಯಿಯನ್ನ ಆಳವಾಗಿ ಹತ್ತು ಕಡೆ ಚುಚ್ಚಿ ನಡುವಿನ ಜಾಲರಿ ಮೇಲಿಡಿ, ಕೆಳಗೆ ಟ್ರೇ. 35ರಿಂದ 45 ನಿಮಿಷ, ನಡುವೆ ಒಂದು ಸಲ ಮಗುಚಿ. ಒಳಗೆ ಪೂರ್ತಿ, ಒಂದೇ ಸಮ ಬೇಯೋದು ಇದರಲ್ಲೇ. ಮನೆಯಲ್ಲಿ ಗ್ಯಾಸೂ ಇದ್ದರೆ ಕೊನೆಗೆ ಮೂರು ನಿಮಿಷ ದೊಡ್ಡ ಉರಿಗೆ ಹಿಡಿಯಿರಿ, ಘಮದ ಕೊರತೆಯೂ ನೀಗುತ್ತೆ. ಅರ್ಧ ಕೆಜಿಯ ದೊಡ್ಡ ಕಾಯಿಯನ್ನೇ ಸುಡಬೇಕು ಅಂದರೆ ಇದೇ ಸರಿಯಾದ ದಾರಿ.

ಏರ್ ಫ್ರೈಯರ್‌ನಲ್ಲಿ ಹೋಳು ಮಾಡಿ, ಎಣ್ಣೆ ಸವರಿ, 200 ಡಿಗ್ರಿ, 20ರಿಂದ 25 ನಿಮಿಷ. ಮೈಕ್ರೋವೇವ್‌ನಲ್ಲಿ ಐದು ನಿಮಿಷ ಬೇಯಿಸಿ ಆಮೇಲೆ ಗ್ಯಾಸ್ ಮೇಲೆ ಏಳೆಂಟು ನಿಮಿಷ ಸುಡಬಹುದು. ಬೇಗ ಆಗುತ್ತೆ, ತಿರುಳು ನೀರಾಗಿರುತ್ತೆ. ಚುಚ್ಚದೆ ಮಾತ್ರ ಮೈಕ್ರೋವೇವ್‌ಗೆ ಇಡಬೇಡಿ, ಸಿಡಿಯುತ್ತೆ.

ಬಸವನಗುಡಿ_ಅಡುಗೆ

ತುಂಬಾ ಉಪಯೋಗವಾಯ್ತು, ಎಲ್ಲರಿಗೂ ಧನ್ಯವಾದ. ಇನ್ನೂ ಕೆಲವು ಪ್ರಶ್ನೆ. ಸುಲಿದ ತಿರುಳು ಕೆಲವು ಸಲ ಬೇಗ ಕಂದಾಗುತ್ತಲ್ಲ, ಯಾಕೆ? ನಾಲ್ಕು ಜನರ ಗೊಜ್ಜಿಗೆ ಎಷ್ಟು ಕಾಯಿ, ಹುಳಿ ಎಷ್ಟು? ಮಟ್ಟುಗುಳ್ಳ ಸುಡಬಹುದಾ?

ಒಲೆಯುರಿ

ಬದನೆಯ ತಿರುಳನ್ನ ಕಂದು ಮಾಡೋ ಕಿಣ್ವ ಶಾಖಕ್ಕೆ ಕೆಲಸ ನಿಲ್ಲಿಸುತ್ತೆ. ಹಾಗಾಗಿ ಪೂರ್ತಿ ಬೆಂದ ತಿರುಳು ಅಷ್ಟು ಬೇಗ ಕಂದಾಗಲ್ಲ. ತೊಟ್ಟಿನ ಸುತ್ತ ಮಾತ್ರ ಬೇಗ ಬಣ್ಣ ತಿರುಗ್ತಿದ್ದರೆ ಅಲ್ಲಿ ಸರಿಯಾಗಿ ಬೆಂದಿಲ್ಲ, ಆ ತುಂಡನ್ನ ಬಾಣಲೆಯಲ್ಲಿ ಒಂದು ಚಮಚ ನೀರು ಹಾಕಿ ಮುಚ್ಚಿ ಬೇಯಿಸಿಕೊಳ್ಳಿ. ಸುಲಿದ ಕೂಡಲೇ ಹುಣಸೆರಸಕ್ಕೆ ಹಾಕಿಬಿಟ್ಟರೂ ಬಣ್ಣ ಉಳಿಯುತ್ತೆ.

ನಾಲ್ಕು ಜನಕ್ಕೆ 700 ಗ್ರಾಂ ಕಾಯಿ. ಸಿಪ್ಪೆ, ತೊಟ್ಟು, ಆವಿಯಾದ ನೀರು ಕಳೆದು 400 ಗ್ರಾಂ ಆಸುಪಾಸು ತಿರುಳು ಸಿಗುತ್ತೆ. 15 ಗ್ರಾಂ ಹುಣಸೆಹಣ್ಣನ್ನ ಅರ್ಧ ಲೋಟ ಬಿಸಿನೀರಲ್ಲಿ ನೆನೆಸಿ ಹಿಂಡಿ. ಬೆಲ್ಲ 10 ಗ್ರಾಂ, ಉಪ್ಪು ಒಂದು ಟೀ ಚಮಚ. ಎರಡು ಹಸಿಮೆಣಸಿನಕಾಯಿಯನ್ನ ಬದನೆಯ ಜೊತೆಗೇ ಸುಟ್ಟು ಉಪ್ಪಿನ ಜೊತೆ ನುರಿದುಕೊಳ್ಳಿ, ಸುಡೋ ಮುಂಚೆ ಅವನ್ನೂ ಸೀಳಿ, ಇಲ್ಲದಿದ್ದರೆ ಸಿಡಿಯುತ್ತೆ. ಎಲ್ಲಾ ಕಿವುಚಿ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಸೇರಿಸಿ. ಒಗ್ಗರಣೆಗೆ ಎರಡು ಚಮಚ ತೆಂಗಿನೆಣ್ಣೆ, ಸಾಸಿವೆ, ಉದ್ದಿನಬೇಳೆ, ಒಂದು ಒಣಮೆಣಸಿನಕಾಯಿ, ಇಂಗು, ಕರಿಬೇವು. ಕುದಿಸಬೇಡಿ, ಕುದಿಸಿದರೆ ಹೊಗೆಯ ಘಮ ಹಾರಿಹೋಗುತ್ತೆ. ಹುಳಿ ಬದಲು ಮೊಸರು ಹಾಕೋದಾದರೆ ತಿರುಳು ಪೂರ್ತಿ ಆರಿರಲಿ, ಬಿಸಿಗೆ ಹಾಕಿದರೆ ಮೊಸರು ಒಡೆಯುತ್ತೆ.

ಮಟ್ಟುಗುಳ್ಳ ಧಾರಾಳವಾಗಿ ಸುಡಬಹುದು. ಉಡುಪಿ ಕಡೆಯ ಕಾಯಿ, 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಬೆಂಗಳೂರಿನ ಮಂಗಳೂರು ಸ್ಟೋರ್ಸ್ ಥರದ ಅಂಗಡಿಗಳಲ್ಲಿ ಕಾಣಿಸುತ್ತೆ. ಸಿಪ್ಪೆ ತೆಳು, ಬೇಗ ಕರಿಯಾಗುತ್ತೆ. ಉರಿ ಇನ್ನೂ ಸಣ್ಣದಿರಲಿ, ಹದಿನೈದು ನಿಮಿಷದ ಒಳಗೇ ಚಾಕು ಚುಚ್ಚಿ ನೋಡೋಕೆ ಶುರು ಮಾಡಿ.

ಕರಟದಕೆಂಡ

ಊರಿನ ಒಲೆಯ ರುಚಿ ಬೇಕು ಅನ್ನೋರು ತೆಂಗಿನ ಕರಟದ ಕೆಂಡದಲ್ಲಿ ಮಾಡಿ. ಮೂರು ನಾಲ್ಕು ತೆಂಗಿನಕಾಯಿಯ ಒಣ ಕರಟ ಕಬ್ಬಿಣದ ಅಗ್ಗಿಷ್ಟಿಕೆಯಲ್ಲಿ ಹಚ್ಚಿ, ಜ್ವಾಲೆ ಪೂರ್ತಿ ಇಳಿದು ಕೆಂಡದ ಮೇಲೆ ಬಿಳಿ ಬೂದಿ ಕಟ್ಟೋವರೆಗೂ ಬದನೆಕಾಯಿ ಇಡಬೇಡಿ. ಜ್ವಾಲೆ ಇರುವಾಗ ಇಟ್ಟರೆ ಕರಟದ ದಪ್ಪ ಹೊಗೆ ಮೆತ್ತಿಕೊಂಡು ನಾಲಿಗೆಗೆ ಕಹಿ ಹಿಡಿಯುತ್ತೆ. ಜಾಲರಿ ಮೇಲಿಟ್ಟು ಐದು ನಿಮಿಷಕ್ಕೊಮ್ಮೆ ತಿರುಗಿಸಿ, 25ರಿಂದ 30 ನಿಮಿಷ ಬೇಕು.

ಇದು ತಾರಸಿ ಅಥವಾ ತೆರೆದ ಅಂಗಳದ ಕೆಲಸ. ಮುಚ್ಚಿದ ಅಡುಗೆಮನೆಯಲ್ಲಿ, ಕಿಟಕಿ ಹಾಕಿದ ಬಾಲ್ಕನಿಯಲ್ಲಿ ಖಂಡಿತ ಬೇಡ. ಕೆಂಡದಿಂದ ಬರೋ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗೋಷ್ಟರಲ್ಲಿ ಪ್ರಾಣಕ್ಕೇ ಬರುತ್ತೆ. ಇಂಡಕ್ಷನ್ ಮನೆಯೋರು ತವಾದಲ್ಲಿ ಬೇಯಿಸಿದ ತಿರುಳಿಗೆ ಹೊಗೆ ಕೊಡಬೇಕಂದ್ರೆ, ತಾರಸಿಯಲ್ಲಿ ಒಂದೇ ಒಂದು ತುಂಡು ಕೆಂಡ ಮಾಡಿ, ತಿರುಳಿನ ನಡುವೆ ಸಣ್ಣ ಸ್ಟೀಲ್ ಬಟ್ಟಲಿಟ್ಟು ಕೆಂಡ ಅದರೊಳಗೆ ಹಾಕಿ, ಅರ್ಧ ಚಮಚ ತುಪ್ಪ ಬಿಟ್ಟು ತಕ್ಷಣ ಮುಚ್ಚಿ. ಮೂರು ನಿಮಿಷ ಸಾಕು, ಐದು ದಾಟಿದರೆ ಹೊಗೆಯ ಒಗರು ಗೊಜ್ಜಿನ ಹುಳಿಯನ್ನೂ ನುಂಗಿಬಿಡುತ್ತೆ. ಮುಚ್ಚಳವನ್ನ ಹೊರಗೇ ತೆಗೆಯಿರಿ, ಕೆಂಡಕ್ಕೆ ನೀರು ಹಾಕಿ ಪೂರ್ತಿ ಆರಿಸಿದ ಮೇಲೆ ಪಾತ್ರೆ ಒಳಗೆ ತನ್ನಿ.